ಡೈಲಾಗು ಎರಡೇ, ಬಾಯಿ ಮಾತ್ರ ನಮ್ಮೂರಿನದು

ನನ್ನ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇದೆ. ಸಿನಿಮಾದಲ್ಲಿ ಮಾಡಿದ ಪಾತ್ರಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ಪೇದೆ 6 ಸಲ, ಗೌಡರ ಆಳು 4 ಸಲ, ಹುಡುಗಿಯ ಅಪ್ಪ 3 ಸಲ, ಹೆಣ ಒಂದು ಸಲ. ಬೇರೆ ಯಾರೂ ಬರೆದಿಡುವುದಿಲ್ಲ, ಅದಕ್ಕೇ. ಒಂದು ಸಿನಿಮಾದ ಟೈಟಲ್‌ನಲ್ಲಿ ನನ್ನ ಹೆಸರು ತಪ್ಪಾಗಿ ಬಂತು. ಇನ್ನೊಂದರಲ್ಲಿ ಬರಲೇ ಇಲ್ಲ. ಎರಡು ಸಿನಿಮಾಗಳಲ್ಲಿ ನಾನೇ ಬರಲಿಲ್ಲ, ಎಡಿಟಿಂಗ್‌ನಲ್ಲಿ ಹೋದೆ.

ಕಲಬುರಗಿಯಲ್ಲಿ ನಾಟಕ ಮಾಡುತ್ತಾ ಬೆಳೆದವನು ನಾನು. ಎಸ್. ಎಂ. ಪಂಡಿತ ರಂಗಮಂದಿರದಲ್ಲಿ ಮೈಕ್ ಕೈಕೊಟ್ಟರೂ ಕೊನೆಯ ಸಾಲಿಗೆ ಮಾತು ಮುಟ್ಟಬೇಕು, ಅದು ನಮಗೆ ಸಿಕ್ಕ ಪಾಠ. (ನಮ್ಮೂರಿನ ಆ ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದವರು, ಗೊತ್ತಲ್ವಾ?) ಮೊದಲ ಶೂಟಿಂಗ್‌ನಲ್ಲೂ ಅದೇ ಗಂಟಲು ತೆಗೆದೆ. ಸೌಂಡ್ ಹುಡುಗ ಹೆಡ್‌ಫೋನ್ ಕಿತ್ತು ಕಿವಿ ತಿಕ್ಕಿಕೊಂಡ. ಆವತ್ತಿನಿಂದ ಶಾಟ್‌ಗೆ ಮೊದಲು ಕ್ಯಾಮೆರಾ ಅಸಿಸ್ಟೆಂಟ್ ಹತ್ತಿರ ಹೋಗಿ, "ಯಾವ ಲೆನ್ಸ್ ತಮ್ಮಾ?" ಎಂದು ಮೆಲ್ಲಗೆ ಕೇಳುತ್ತೇನೆ. 24 ಎಂ.ಎಂ. ಲೆನ್ಸ್ ಎಂದರೆ ಸಾಮಾನ್ಯವಾಗಿ ಮೈಯೆಲ್ಲಾ ಕಾಣುತ್ತದೆ, ಕೈಕಾಲಿಗೂ ಕೆಲಸ. 85 ಎಂದರೆ ಮುಖವೇ ಎಲ್ಲಾ. ಆಗ ಹುಬ್ಬು ಎತ್ತಿದರೂ ಜಾಸ್ತಿಯಾಯಿತು.

ಒಂದು ಮದುವೆ ಊಟದ ಸೀನಿನಲ್ಲಿ ಹಸಿದಿದ್ದೆ. ವೈಡ್ ಶಾಟ್‌ನಲ್ಲೇ ಗಬಗಬ ತಿಂದುಬಿಟ್ಟೆ. ಆಮೇಲೆ ಕ್ಲೋಸಪ್, ಎದುರಿನವರ ಕ್ಲೋಸಪ್, ಮತ್ತೆ ಇನ್ನೊಂದು ಕಡೆಯಿಂದ. ಪ್ರತಿ ಸಲವೂ ಅದೇ ಮಾತಿಗೆ ಅದೇ ತುತ್ತು ಬಾಯಿಗೆ ಹೋಗಬೇಕು. ಸಂಜೆಯೊಳಗೆ 11 ಹೋಳಿಗೆ ಇಳಿದಿದ್ದವು. ಈಗ ಚೂರೇ ಚೂರು ಮುರಿದು ಬಾಯಲ್ಲಿ ಆಡಿಸುತ್ತೇನೆ.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ನನಗೆ ಕೆಲಸ ತಂದದ್ದು ನನ್ನ ಬಾಯಿ. ಬೆಂಗಳೂರಿನಲ್ಲಿ ಸ್ಕ್ರಿಪ್ಟ್ ಬರೆಯುವವರಿಗೆ ಉತ್ತರ ಕರ್ನಾಟಕ ಎಂದರೆ ಧಾರವಾಡ, ಹೆಚ್ಚೆಂದರೆ ಹುಬ್ಬಳ್ಳಿ. ಅಲ್ಲಿಂದ ಆಚೆ ಊರೇ ಇಲ್ಲ! ಒಮ್ಮೆ ಬೀದರಿನ ಟ್ರ್ಯಾಕ್ಟರ್ ಡ್ರೈವರ್ ಪಾತ್ರ ಸಿಕ್ಕಿತು. ಇದ್ದದ್ದು ಎರಡು ಡೈಲಾಗು. ಹಾಳೆಯಲ್ಲಿ "ಸಾಹೇಬ್ರು ಬರಾಕತ್ತಾರ" ಎಂದಿತ್ತು. ನಮ್ಮ ಕಲಬುರಗಿಯಲ್ಲಿ "ಬರ್ಲಾಕತ್ತಾರ" ಅನ್ನುತ್ತೇವೆ. ಬೀದರ್ ಕಡೆ ಅದು ಇನ್ನೂ ಸವೆದು "ಬರ್ಲತ್ತಾರ" ಆಗುತ್ತದೆ. ಹೇಳಿದೆ. "ಬೇಡ ಸರ್, ಜನಕ್ಕೆ ಅರ್ಥ ಆಗಲ್ಲ" ಎಂದ ಅಸಿಸ್ಟೆಂಟ್ ಡೈರೆಕ್ಟರ್. ನಾನು ವಾದ ಮಾಡಲಿಲ್ಲ. ಎರಡು ಡೈಲಾಗಿನವನು ವಾದ ಮಾಡಿದರೆ ಒಂದಕ್ಕೆ ಇಳಿಯುತ್ತಾನೆ. ಅವರು ಹೇಳಿದ ಹಾಗೇ ಹೇಳಿ ಮುಗಿಸಿದೆ.

ಮೂರು ವಾರ ಬಿಟ್ಟು ಡಬ್ಬಿಂಗ್‌ಗೆ ಕರೆದರು. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹತ್ತು ನಿಮಿಷದ ಕೆಲಸಕ್ಕೆ ಎರಡು ರಾತ್ರಿ ರೈಲು. ಬಾಟಾ, ಅಂದರೆ ದಿನದ ಭತ್ಯೆ, ಎಷ್ಟು ಅಂತ ಕೇಳಬೇಡಿ.

ಡಬ್ಬಿಂಗ್‌ನಲ್ಲಿ ನಾನು ನೋಡುವುದು ಪರದೆಯ ಮೇಲಿನ ನನ್ನ ತುಟಿಯನ್ನು. ಪ, ಬ, ಮ ಬಂದಾಗ ತುಟಿ ಮುಚ್ಚುತ್ತದೆ. ಅಲ್ಲಿ ಸರಿ ಕೂಡಿದರೆ ಉಳಿದದ್ದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. "ಬರಾಕತ್ತಾರ" ಶುರುವಾಗುವುದು 'ಬ' ಅಕ್ಷರದಿಂದ, "ಬರ್ಲತ್ತಾರ"ವೂ ಅಷ್ಟೇ. ಆಮೇಲೆ ಬಾಯಿ ತೆರೆದೇ ಇರುತ್ತದೆ. ಬೀದರಿನದು ಸ್ವಲ್ಪ ಗಿಡ್ಡ, ಕೊನೆಯನ್ನು ಎಳೆದರಾಯಿತು. ಎಳೆಯುವುದು ನಮಗೆ ಹುಟ್ಟಿನಿಂದಲೇ ಬಂದದ್ದು. "ಸಾಹೇಬ್ರು ಬರ್ಲತ್ತಾ...ರ" ಎಂದೆ. ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ಹೆಬ್ಬೆರಳು ಎತ್ತಿದರು. ಹಾಳೆ ಯಾರೂ ತೆಗೆದು ನೋಡಲಿಲ್ಲ. ಸಿನಿಮಾದಲ್ಲೂ ಹಾಗೇ ಉಳಿಯಿತು.

ಈಗ ಆಗೊಮ್ಮೆ ಈಗೊಮ್ಮೆ ಯಾರಾದರೂ ಅಸಿಸ್ಟೆಂಟ್ ಡೈರೆಕ್ಟರ್ ಫೋನ್ ಮಾಡುತ್ತಾರೆ. "ಸರ್, ನಿಮ್ ಕಡೆ ಇದಕ್ಕೆ ಏನಂತಾರೆ?" ದುಡ್ಡು ಕೇಳಬೇಕು ಅನಿಸುತ್ತದೆ, ಇನ್ನೂ ಕೇಳಿಲ್ಲ. ಹೇಳಿಕೊಟ್ಟು, ಫೋನ್ ಇಡುವ ಮೊದಲು ಇಷ್ಟೇ ಕೇಳುತ್ತೇನೆ: "ಆ ಪಾತ್ರ ಯಾರು ಮಾಡ್ಲಾಕತ್ತಾರ್ರೀ?"