ಆಸ್ಟ್ರಿಯಾದ ಸ್ಕೀ ವಿಶ್ವಕಪ್: ಅಂಕಪಟ್ಟಿಯನ್ನು ಓದುವ ಬಗೆ

ಆಸ್ಟ್ರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ‘ವಿಶ್ವಕಪ್’ ಎಂಬ ಹೆಸರೇ ಮೊದಲ ಗೊಂದಲ. ನಾಲ್ಕು ವರ್ಷಕ್ಕೊಮ್ಮೆ ಬಂದು ಒಂದು ಫೈನಲ್‌ನಲ್ಲಿ ಮುಗಿಯುವ ಪಂದ್ಯಾವಳಿ ಇದಲ್ಲ. 1967ರಲ್ಲಿ ಆರಂಭವಾದ ಆಲ್ಪೈನ್ ಸ್ಕೀ (ಹಿಮದ ಇಳಿಜಾರಿನಲ್ಲಿ ಜಾರಿ ಇಳಿಯುವ ಸ್ಪರ್ಧೆ) ವಿಶ್ವಕಪ್, ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಟಿರೋಲಿನ ಸೋಲ್ಡೆನ್ ಹಿಮನದಿಯ ಮೇಲೆ ಶುರುವಾಗಿ ಮಾರ್ಚ್‌ವರೆಗೆ ಊರಿಂದೂರಿಗೆ ಸಾಗುವ, ಪ್ರತಿವರ್ಷವೂ ನಡೆಯುವ ರೇಸುಗಳ ಸರಣಿ.

ಪ್ರತಿ ರೇಸಿನಲ್ಲೂ ಮೊದಲ ಸ್ಥಾನಕ್ಕೆ 100, ಎರಡನೆಯದಕ್ಕೆ 80, ಮೂರನೆಯದಕ್ಕೆ 60, ಹೀಗೆ ಇಳಿಯುತ್ತ ಮೂವತ್ತನೆಯವರಿಗೆ 1 ಅಂಕ ಸಿಗುತ್ತದೆ. ಋತುವಿಡೀ ಗಳಿಸಿದ ಒಟ್ಟು ಅಂಕಗಳಲ್ಲಿ ಮುಂದಿರುವವರಿಗೆ ದೊಡ್ಡ ಸ್ಫಟಿಕ ಗೋಳ, ಅತಿ ವೇಗದಲ್ಲಿ ಇಳಿಯುವ ಡೌನ್‌ಹಿಲ್, ಅದಕ್ಕಿಂತ ಹೆಚ್ಚು ತಿರುವುಗಳ ಸೂಪರ್-ಜಿ, ಇನ್ನೂ ಹೆಚ್ಚು ತಿರುವುಗಳ ಜೈಂಟ್ ಸ್ಲಾಲಮ್, ‘ಗೇಟು’ ಎನ್ನುವ ಹತ್ತಿರಹತ್ತಿರದ ಕಂಬಗಳ ಸುತ್ತ ಅಂಕುಡೊಂಕಾಗಿ ಇಳಿಯುವ ಸ್ಲಾಲಮ್ ಎಂಬ ಒಂದೊಂದು ವಿಭಾಗದಲ್ಲಿ ಮುಂದಿರುವವರಿಗೆ ಚಿಕ್ಕ ಗೋಳ. ಪುರುಷರ ಮತ್ತು ಮಹಿಳೆಯರ ಪಟ್ಟಿಗಳು ಬೇರೆಬೇರೆ.

ಆಸ್ಟ್ರಿಯನ್ನರ ಅಭಿಮಾನ ಹೆಚ್ಚಾಗಿ ಡೌನ್‌ಹಿಲ್ ಕಡೆಗೇ ವಾಲುತ್ತದೆ. ಜನವರಿಯಲ್ಲಿ ಕಿಟ್ಸ್‌ಬ್ಯೂಲ್‌ನ ಸ್ಟ್ರೈಫ್ ಇಳಿಜಾರಿನ 3,312 ಮೀಟರ್ ದೂರವನ್ನು 1997ರಲ್ಲಿ ಆಸ್ಟ್ರಿಯಾದ ಫ್ರಿಟ್ಸ್ ಸ್ಟ್ರೋಬ್ಲ್ 1 ನಿಮಿಷ 51.58 ಸೆಕೆಂಡಿನಲ್ಲಿ ಮುಗಿಸಿದರೆಂದರೆ, ಸರಾಸರಿ ವೇಗವೇ ಗಂಟೆಗೆ ನೂರು ಕಿಲೋಮೀಟರ್ ದಾಟಿತ್ತು. ಆದರೆ ಅಂಕಪಟ್ಟಿಗೆ ಈ ಭಯಂಕರ ಇಳಿತಕ್ಕೂ ಬೇರೆ ಯಾವ ರೇಸಿಗೂ ಭೇದವಿಲ್ಲ: ಗೆದ್ದರೆ ಅದೇ 100. ಆದ್ದರಿಂದಲೇ ಆಸ್ಟ್ರಿಯಾದ ಸ್ಕೀಪಟು ಮಾರ್ಸೆಲ್ ಹಿರ್ಷರ್‌ಗೆ ಮುಖ್ಯವಾಗಿ ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್ ರೇಸುಗಳನ್ನೇ ನೆಚ್ಚಿಕೊಂಡು 2012ರಿಂದ 2019ರವರೆಗೆ ಸತತ ಎಂಟು ಬಾರಿ ದೊಡ್ಡ ಗೋಳವನ್ನು ಗೆಲ್ಲುವುದು ಸಾಧ್ಯವಾಯಿತು.

ಹೊಸಬರು ನೋಡಲು ಆರಂಭಿಸಬೇಕಾದದ್ದೂ, ನನ್ನ ಅಭಿಪ್ರಾಯದಲ್ಲಿ, ಸ್ಲಾಲಮ್‌ನಿಂದಲೇ. ಅದರಲ್ಲಿ ಎರಡು ಇಳಿತಗಳಿದ್ದು, ಎರಡರ ಸಮಯವನ್ನೂ ಕೂಡಿಸುತ್ತಾರೆ. ಮೊದಲನೆಯದರಲ್ಲಿ ವೇಗವಾಗಿ ಇಳಿದ 30 ಮಂದಿ ಮಾತ್ರ ಎರಡನೆಯದಕ್ಕೆ ಅರ್ಹರಾಗುತ್ತಾರೆ, ಅಲ್ಲಿ ಮೂವತ್ತನೆಯವರು ಮೊದಲು, ಮುಂದಿರುವವರು ಕೊನೆಗೆ ಇಳಿಯುತ್ತಾರೆ. ಒಬ್ಬೊಬ್ಬರು ಹಾದುಹೋದಂತೆ ಗೇಟುಗಳ ಸುತ್ತ ಹಿಮ ಸವೆದು ಗುಂಡಿಬೀಳುವುದರಿಂದ, ಮುಂದಿರುವವರಿಗೇ ಅತ್ಯಂತ ಕೆಟ್ಟ ದಾರಿ. ಒಂದು ಗೇಟು ತಪ್ಪಿದರೂ ಅಂದಿನ ಗಳಿಕೆ ಸೊನ್ನೆ.

ಮಾರ್ಚ್‌ನ ಅಂತಿಮ ಸುತ್ತಿನ ಲೆಕ್ಕ ಬೇರೆ. ಅಲ್ಲಿಗೆ ಆಯಾ ವಿಭಾಗದ ಮೊದಲ 25 ಸ್ಥಾನದವರಿಗೂ ಇನ್ನು ಕೆಲವರಿಗೂ ಮಾತ್ರ ಪ್ರವೇಶವಿದ್ದು, ಅಂಕಗಳು ಮೊದಲ ಹದಿನೈದು ಸ್ಥಾನಗಳಿಗಷ್ಟೇ ಸಲ್ಲುತ್ತವೆ.

ರೇಸುಗಳನ್ನು ಸಾರ್ವಜನಿಕ ವಾಹಿನಿಯಾದ ಓಆರ್‌ಎಫ್‌ನಲ್ಲಿ ನೋಡಬಹುದು. ಸ್ಟೈರಿಯಾ ಕಡೆ ಇರುವವರು ಕಿಟ್ಸ್‌ಬ್ಯೂಲ್ ಮುಗಿದ ಕೆಲವೇ ದಿನಗಳಲ್ಲಿ ಶ್ಲಾಡ್‌ಮಿಂಗ್‌ನಲ್ಲಿ ದೀಪದ ಬೆಳಕಿನಲ್ಲಿ ನಡೆಯುವ ರಾತ್ರಿ ಸ್ಲಾಲಮ್‌ಗೆ ನೇರವಾಗಿಯೇ ಹೋಗಬಹುದು. ಕೆಲಸ ಮುಗಿಸಿ ಹೊರಟು ಮೊದಲ ಇಳಿತ ತಪ್ಪಿಹೋದರೂ ಎರಡನೆಯದಕ್ಕೆ ತಲುಪಿದರೆ ಸಾಕು.