ಉದ್ರಿ ಪುಸ್ತಕ ತೋರಿಸಿ ಕೃಪೆ ಕಲಿಸಿದ್ದು: ನನ್ನ ಅನುಭವ

ಇದನ್ನು ಬರೆಯಬೇಕು ಅಂತ ಮೂರು ವರ್ಷದಿಂದ ಅಂದುಕೊಂಡಿದ್ದೆ. ಕೆಲಸ ಆಗುತ್ತೋ ಇಲ್ವೋ ನೋಡದೆ ಬಾಯಿ ಬಿಡುವುದು ಬೇಡ ಅಂತ ಸುಮ್ನೆ ಇದ್ದೆ. ಈಗ ಆಗಿದೆ. "ದೇವರ ವಾಕ್ಯಕ್ಕೆ ಬೇಳೆ, ಎಣ್ಣೆ ಲೆಕ್ಕ ಹಚ್ಚಬ್ಯಾಡ್ರಿ" ಅಂತ ಮೊದಲ ದಿನವೇ ಮುಖ ಸಿಂಡರಿಸಿದ್ದ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ಹೋದ ತಿಂಗಳು ತಾವೇ ಬಂದು ಮೊಮ್ಮಗನನ್ನು ನನ್ನ ತರಗತಿಗೆ ಬಿಟ್ಟು ಹೋದರು. ಜಂಬ ಅನ್ನಿಸಿದರೆ ಅನ್ನಿಸಲಿ ಬಿಡಿ.

ದಾವಣಗೆರೆಯ ಹಳೇ ಊರಿನ ಕಡೆ ನನ್ನದೊಂದು ಕಿರಾಣಿ ಅಂಗಡಿ. ಭಾನುವಾರ ಬೆಳಗ್ಗೆ ಅಂಗಡಿ ಮುಚ್ಚಿ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಪಾಠ ಹೇಳುತ್ತೇನೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಹದಿನಾಲ್ಕೋ ಹದಿನೈದೋ ಮಕ್ಕಳು. ಓದುವ ನೀವೂ ಟೀಚರುಗಳೇ ಅಂದುಕೊಂಡಿದ್ದೇನೆ, ಹಾಗಾಗಿ ಕೃಪೆ ಅಂದರೆ ಯೋಗ್ಯತೆ ನೋಡದೆ ದೇವರು ಸುಮ್ನೆ ಕೊಡುವುದು ಅಂತ ಮೊದಲಿಂದ ವಿವರಿಸಲು ಹೋಗಲ್ಲ.

ನನ್ನ ತಲೆನೋವು ನಿಮಗೂ ಇರುವಂಥದ್ದೇ. ಬೈಬಲಿನಲ್ಲಿ ಪೌಲ ಎಫೆಸದವರಿಗೆ ಬರೆದ ಪತ್ರದ 2:8 ಎಲ್ಲರಿಗೂ ಬಾಯಿಪಾಠ. ರಕ್ಷಣೆ ಕೃಪೆಯಿಂದಲೇ, ಅದು ದೇವರ ವರವೇ ಅಂತ ಉಸಿರು ಬಿಡದೆ ಒಪ್ಪಿಸಿ ಬಹುಮಾನ ತಗೊಳ್ಳುತ್ತಾರೆ. ಐದು ನಿಮಿಷ ಬಿಟ್ಟು "ದೇವರು ನಿನ್ನನ್ನ ಯಾಕೆ ಸೇರಿಸಿಕೊಳ್ಳಬೇಕು?" ಅಂತ ಕೇಳಿ. "ಸುಳ್ಳು ಹೇಳಲ್ಲ ಸರ್, ಭಾನುವಾರ ತಪ್ಪಿಸಲ್ಲ, ಅಮ್ಮಂಗೆ ಎದುರು ಮಾತಾಡಲ್ಲ." ಬಾಯಲ್ಲಿ ಪೌಲ, ತಲೆಯಲ್ಲಿ ಚಿತ್ರಗುಪ್ತ. ಒಳ್ಳೆಯದು ಈ ಕಡೆ, ಕೆಟ್ಟದ್ದು ಆ ಕಡೆ, ಕೊನೆಗೆ ಕೂಡಿಸಿ ಕಳೆದು ನೋಡುವುದು. ಮಕ್ಕಳನ್ನು ಏನು ಅನ್ನೋಣ, ದೊಡ್ಡವರು ಸಭೆಯಲ್ಲಿ ಎದ್ದು ನಿಂತು ಹೇಳುವ ಸಾಕ್ಷಿಗಳಲ್ಲೂ ಅದೇ ಇರುತ್ತದೆ ಅಲ್ವಾ?

ಇದನ್ನು ಸರಿ ಮಾಡೋಕೆ ಹೋಗಿ ಕಳೆದ ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಬೆಂಗಳೂರಿನಿಂದ ತರಿಸಿದ ಬಣ್ಣದ ಚಾರ್ಟುಗಳು, ಎರಡು ಸಾವಿರದ ಎಂಟುನೂರೋ ಏನೋ. ಕಳೆದುಹೋದ ಮಗ ವಾಪಸ್ ಬರುವ ಚಿತ್ರ ನೋಡಿ ಒಬ್ಬ ಹುಡುಗ ಕೇಳಿದ್ದು "ಆ ಮನೆಯಲ್ಲಿ ಎಸಿ ಇದೆಯಾ" ಅಂತ. ಆಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಒಂಬತ್ತು ಸಾವಿರ. ನಮ್ಮ ಕಡೆ ಭಾನುವಾರ ಬೆಳಗ್ಗೆಯೇ ಕರೆಂಟ್ ತೆಗೆಯುತ್ತಾರೆ, ಒಟ್ಟು ಆರು ಸಲ ಹಚ್ಚಿರಬಹುದು. ಈಗ ಅದು ಅಕ್ಕಿ ಮೂಟೆ ಹಿಂದೆ ಕೂತಿದೆ. ಮೂರನೆಯದು ನನ್ನ ದೊಡ್ಡ ಐಡಿಯಾ: ಕೃಪೆ ಅಂದರೆ ಉಡುಗೊರೆ ತಾನೇ, ಎಲ್ಲರಿಗೂ ಒಂದೊಂದು ಹತ್ತು ರೂಪಾಯಿಯ ಪೆನ್ನು ಸುಮ್ನೆ ಕೊಟ್ಟೆ. ಮುಂದಿನ ವಾರ ಎಲ್ಲರೂ ಹತ್ತು ನಿಮಿಷ ಮುಂಚೆಯೇ ಹಾಜರು. "ಇವತ್ತು ಏನು ಕೊಡ್ತೀರಿ ಸರ್?" ಹಾಜರಾತಿಗೆ ಕೊಟ್ಟ ಕೂಲಿ ಅಂದುಕೊಂಡಿದ್ದರು. ಅಲ್ಲಿಗೆ ಅದನ್ನೂ ಬಿಟ್ಟೆ.

ಅಂಗಡಿ ವಿಷಯಕ್ಕೆ ಬರುತ್ತೇನೆ. ಗಲ್ಲಾ ಮೇಲೆ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡು ನನ್ನದೂ ಇದೆ. ಅದರ ಕೆಳಗೇ ಉದ್ರಿ ಪುಸ್ತಕವೂ ಇದೆ. ದುಗ್ಗಮ್ಮನ ಜಾತ್ರೆ ವರ್ಷ ಬಂತು ಅಂದರೆ ಮನೆಮನೆಗೆ ನೆಂಟರು, ಆಗ ಪುಸ್ತಕ ತುಂಬುವುದು ನೋಡಬೇಕು ನೀವು. ಒಂದು ಶನಿವಾರ ರಾತ್ರಿ ಮರುದಿನದ ಪಾಠಕ್ಕೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಓದುತ್ತಾ, ಇನ್ನೊಂದು ಕೈಯಲ್ಲಿ ಬಾಕಿ ಕೂಡಿಸುತ್ತಿದ್ದೆ. ರಾಜನಿಗೆ ಹತ್ತು ಸಾವಿರ ತಲಾಂತು (ಆಗಿನ ಕಾಲದ ಹಣದ ಲೆಕ್ಕ) ಕೊಡಬೇಕಾದ ಆಳು, ಕೊಡಲಾಗದೆ ಬೇಡಿಕೊಂಡಾಗ ರಾಜ ಅಷ್ಟನ್ನೂ ಬಿಟ್ಟುಬಿಡುವ ಕಥೆ. ಇದು ಎಷ್ಟಾಗುತ್ತೆ ಅಂತ ಕೈ ತಾನಾಗೇ ಕ್ಯಾಲ್ಕುಲೇಟರಿಗೆ ಹೋಯಿತು.

ಮರುದಿನ ತರಗತಿಯಲ್ಲಿ ಮಕ್ಕಳ ಕೈಯಲ್ಲೇ ಮಾಡಿಸಿದೆ. ಎಂಟು ಅಂಕಿಯ ಚಿಕ್ಕ ಕ್ಯಾಲ್ಕುಲೇಟರನ್ನೇ ಕೊಡಿ, ಫೋನ್ ಬೇಡ, ಯಾಕೆ ಅಂತ ಈಗ ಗೊತ್ತಾಗುತ್ತೆ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಹತ್ತು ಸಾವಿರದಿಂದ ಗುಣಿಸಿದರೆ ಆರು ಕೋಟಿ ದಿನ, ಪರದೆ ಪೂರ್ತಿ ತುಂಬುತ್ತದೆ. ಈಗ ದಿನಕ್ಕೆ ಐನೂರು ರೂಪಾಯಿ ಕೂಲಿ ಅಂತ ಹಿಡಿದು ಗುಣಿಸು ಅಂದೆ. ಹುಡುಗಿ ಒತ್ತಿದಳು. ಮೂಲೆಯಲ್ಲಿ 'ಇ' ಅಂತ ಒಂದು ಅಕ್ಷರ ಬಂದು ನಿಂತಿತು. ಮತ್ತೆ ಒತ್ತಿದಳು. ಮತ್ತೆ ಅದೇ. "ಸರ್, ಇದಕ್ಕೆ ಆಗ್ತಾ ಇಲ್ಲ." ಮೂರು ಸಾವಿರ ಕೋಟಿ ಅಂತ ನಾನು ಬೋರ್ಡಿನ ಮೇಲೆ ಬರೆದೆ. ಹಮಾಲಿ ಮಾಡುವವರ ಮಗ ಒಬ್ಬ ಹಿಂದಿನ ಬೆಂಚಿನಿಂದ, "ಇಷ್ಟು ಸಾಲ ಮಾಡಿ 'ಸ್ವಲ್ಪ ತಾಳು, ಎಲ್ಲಾ ಕೊಡ್ತೀನಿ' ಅಂತಾನಲ್ಲ ಸರ್, ಹುಚ್ಚ ಅವನು" ಅಂದ. ಹನ್ನೆರಡು ವರ್ಷ ಪಾಠ ಹೇಳಿದ ಮೇಲೆ ಮೊದಲ ಸಲ ಒಬ್ಬ ತಾನಾಗಿ ವಾಕ್ಯದ ಒಳಗೆ ಹೋಗಿದ್ದ. ಮೂವತ್ತು ಒಳ್ಳೇ ಭಾನುವಾರ ಸೇರಿಸಿದರೂ ಆ 'ಇ' ಹೋಗಲ್ಲ, ಅಲ್ವಾ?

ಒಬ್ಬ ಹುಡುಗನ ಮನೆಯವರು ಜಗಳೂರು ಕಡೆಯ ರೈತರು. ಅವನು 2018ರ ಸಾಲ ಮನ್ನಾ ವಿಷಯ ತೆಗೆದ. ಮನ್ನಾ ಅನ್ನೋ ಪದ ಅವರ ಮನೆಯಲ್ಲಿ ಬೇಕಾದಷ್ಟು ಓಡಾಡಿದೆ. ಮಿತಿ ಎಷ್ಟು, ಯಾವ ಬ್ಯಾಂಕು, ಲಿಸ್ಟಲ್ಲಿ ಹೆಸರು ಬಂತೋ ಇಲ್ವೋ. "ದೇವರದ್ದೂ ಎರಡು ಲಕ್ಷದ ಒಳಗೇನಾ ಸರ್?" ಅಂತ ಕೇಳಿದ. ಇಂಥ ಪ್ರಶ್ನೆ ಬಂದರೆ ಪಾಠ ನಿಲ್ಲಿಸಿ ಅಲ್ಲೇ ಕೂತುಬಿಡಿ. ನಾವು ಆ ಇಡೀ ಗಂಟೆ ಅದರಲ್ಲೇ ಕಳೆದೆವು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ತಲೆ ತಿರುಗಿತು ನನಗೆ. ಆ ಕ್ರಿಸ್‌ಮಸ್ಸಿಗೆ ನಿಜವಾಗಲೂ ಮನ್ನಾ ಮಾಡಿ ತೋರಿಸೋಣ ಅಂತ ಹನ್ನೊಂದು ಮನೆಯ ಬಾಕಿ, ಒಟ್ಟು ಹದಿನೆಂಟು ಸಾವಿರದ ಹತ್ತಿರ, ಹೊಡೆದು ಹಾಕಿದೆ. ಹಾಕಿ ಸುಮ್ಮನಿರಲಿಲ್ಲ, ಆರಾಧನೆ ಮುಗಿದ ಮೇಲೆ ಮೈಕ್ ಹಿಡಿದು ಹೇಳಿಯೂಬಿಟ್ಟೆ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಓಣಿಗೆಲ್ಲ ಗೊತ್ತು ಯಾರು ನನ್ನ ಹತ್ತಿರ ಬರೆಸುತ್ತಾರೆ ಅಂತ.

ಸೋಮವಾರ ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಒಬ್ಬ ಅಕ್ಕ ನಿಂತಿದ್ದರು. ಸೆರಗಿನ ಗಂಟು ಬಿಚ್ಚಿ ಒಂಬೈನೂರ ನಲವತ್ತು ರೂಪಾಯಿ ಎಣಿಸಿ ಇಟ್ಟರು. ಹತ್ತರ ನೋಟುಗಳೇ ಜಾಸ್ತಿ. "ನಾವೇನು ತಿರುಕರೇನಣ್ಣ?" ಅಂದರು, ಅಷ್ಟೇ. ಇನ್ನೊಬ್ಬರು, ನಾಲ್ಕು ಸಾವಿರ ಚಿಲ್ಲರೆ ಬಾಕಿ ಇದ್ದವರು, ಅಂಗಡಿ ಮುಂದೆ ಬರುವುದನ್ನೇ ಬಿಟ್ಟು ಆ ಕಡೆಯ ಗಲ್ಲಿಯಿಂದ ಸುತ್ತಿಕೊಂಡು ಹೋಗಲು ಶುರು ಮಾಡಿದರು. ಬಾಕಿ ಇದ್ದಾಗ ದಿನಾ ಬರುತ್ತಿದ್ದ ಮನುಷ್ಯ! ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ, "ಮನ್ನಾ ಮಾಡ್ರಿ ಅಂದಿದ್ದು ದೇವರು, ಮೈಕ್ ಹಿಡೀರಿ ಅಂದಿದ್ದು ಯಾರು?" ಅಂದಳು.

ಅವಮಾನ ಒಂದು ಕಡೆ, ದುಡ್ಡಿನ ಪೆಟ್ಟು ಇನ್ನೊಂದು ಕಡೆ. ನಾನು ಪುಸ್ತಕದಲ್ಲಿ ಗೆರೆ ಎಳೆದೆ ಅಂತ ಮಂಡಿಪೇಟೆಯ ಹೋಲ್‌ಸೇಲಿನವರು ನನ್ನ ಬಿಲ್ಲಿಗೆ ಗೆರೆ ಎಳೆಯುತ್ತಾರಾ? ಜನವರಿಯಲ್ಲಿ ಎಣ್ಣೆ ಡಬ್ಬಿ, ಸಕ್ಕರೆ ಮೂಟೆಯ ಬಿಲ್ಲು ಬಂತು, ಗಲ್ಲಾದಲ್ಲಿ ಇಲ್ಲ. ಇನ್ನೂ ಆರು ತಿಂಗಳು ಬಿಡಬೇಕಿದ್ದ ಚೀಟಿಯನ್ನು ಕಡಿಮೆಗೆ ಕೂಗಿ ಎತ್ತಿ ಕಟ್ಟಿದೆ. ಅದರಲ್ಲೊಂದು ಮೂರು ಸಾವಿರ ಹೋಯಿತು. ಅದೇ ವಾರ ಅಂಗಡಿ ಹುಡುಗ ಅರ್ಧ ಡಜನ್ ಮೊಟ್ಟೆ ಬೀಳಿಸಿದ್ದಕ್ಕೆ ಅವನ ಮೇಲೆ ಕೂಗಾಡಿದೆ. ಕೂಗಾಡಿ ಒಳಗೆ ಬಂದು ಕೂತಾಗ ಮತ್ತಾಯ 18ರ ಉಳಿದ ಅರ್ಧ ನೆನಪಾಯಿತು. ಮೂರು ಸಾವಿರ ಕೋಟಿ ಬಿಡಿಸಿಕೊಂಡವನು ನೂರು ದಿನದ ಕೂಲಿಗೆ ಜೊತೆಯವನ ಕುತ್ತಿಗೆ ಹಿಡಿಯುತ್ತಾನಲ್ಲ, ಆ ಭಾಗ. ನಾನು ನಲವತ್ತು ರೂಪಾಯಿಗೆ ಹಿಡಿದಿದ್ದೆ.

ಆದರೆ ಆ ಚೀಟಿ ಎತ್ತಿದ ದಿನವೇ ನನಗೆ ಪಾಠ ಸಿಕ್ಕಿದ್ದು. ಇಷ್ಟು ವರ್ಷ ನಾನೂ ಕೃಪೆ ಅಂದರೆ ಪುಕ್ಕಟೆ ಅಂತಲೇ ಕಲಿಸಿದ್ದೆ. ತಗೊಳ್ಳುವವನಿಗೆ ಪುಕ್ಕಟೆ, ಸರಿ. ಸಾಲ ಮಾತ್ರ ಎಲ್ಲಿಗೂ ಮಾಯ ಆಗಲ್ಲ. ತೀರಿಸಬೇಕಾದವನ ತಲೆಯಿಂದ ಇಳಿದು ಬಿಟ್ಟುಕೊಟ್ಟವನ ತಲೆ ಮೇಲೆ ಕೂರುತ್ತದೆ. ಶಿಲುಬೆ ಯಾಕೆ ಬೇಕಿತ್ತು, ದೇವರು ಸುಮ್ನೆ 'ಕ್ಷಮಿಸಿದೆ' ಅಂದಿದ್ದರೆ ಸಾಕಿತ್ತಲ್ಲ ಅಂತ ಮಕ್ಕಳು ಕೇಳಿದಾಗಲೆಲ್ಲ ನಾನು ತಡವರಿಸುತ್ತಿದ್ದೆ. ಈಗ ತಡವರಿಸಲ್ಲ.

ಈಗ ನಾನು ಮಾಡುವುದು ಹೀಗೆ. ಉದ್ರಿ ಪುಸ್ತಕವನ್ನೇ ತರಗತಿಗೆ ಒಯ್ಯುತ್ತೇನೆ, ಎಣ್ಣೆ ಕಲೆ ಸಮೇತ. ಹೆಸರಿನ ಮೇಲೆ ಕಾಗದ ಅಂಟಿಸಿರುತ್ತೇನೆ, ಇದು ಮೈಕ್ ಪ್ರಕರಣದಿಂದ ಕಲಿತದ್ದು. ಅಂಗಡಿಯ ಗಲ್ಲಾ ಡಬ್ಬಿಯೂ ಮೇಜಿನ ಮೇಲೆ ಇರುತ್ತದೆ. ಒಂದು ಬಾಕಿ ಓದಿಸುತ್ತೇನೆ: ಸಕ್ಕರೆ ಎರಡು ಕೆಜಿ, ತೊಗರಿಬೇಳೆ ಒಂದು, ಸೋಪು ಮೂರು, ಒಟ್ಟು ಮುನ್ನೂರ ಎಪ್ಪತ್ತು. ಒಂದು ಮಗುವಿನ ಕೈಗೆ ಕೆಂಪು ಪೆನ್ನು ಕೊಟ್ಟು ಹೊಡೆದು ಹಾಕಿಸುತ್ತೇನೆ. ಎಲ್ಲರೂ ಖುಷಿ. ಆಮೇಲೆ ಗಲ್ಲಾ ಎಣಿಸಿ ಅನ್ನುತ್ತೇನೆ. ಎಣಿಸಿದರೆ ಮುನ್ನೂರ ಎಪ್ಪತ್ತು ಕಡಿಮೆ. "ಸಂಜೆ ಹೊತ್ತಿಗೆ ಗಲ್ಲಾ ಸರಿ ಹೋಗಬೇಕು, ಏನು ಮಾಡೋಣ?" ಯಾರೂ ಮಾತಾಡಲ್ಲ. ಆಗ ನನ್ನ ಜೇಬಿನಿಂದ ತೆಗೆದು ಒಂದೊಂದೇ ನೋಟು ಹಾಕುತ್ತೇನೆ. ನಿಧಾನವಾಗಿ ಹಾಕಬೇಕು. ಒಂದೇ ಸಲ ಹಾಕಿಬಿಟ್ಟರೆ ಕೆಲಸ ಆಗಲ್ಲ, ಎರಡು ಸಲ ನೋಡಿದ್ದೇನೆ. ಹೊಡೆದು ಹಾಕಿದ ಬಾಕಿ ನಿಜವಾದ ಬಾಕಿಯೇ ಆಗಿರಬೇಕು, ಜೇಬಿನ ದುಡ್ಡೂ ನಿಮ್ಮದೇ ಆಗಿರಬೇಕು. ಸಂಡೇ ಸ್ಕೂಲ್ ಫಂಡಿನಿಂದ ಹಾಕಿದರೆ ಮಕ್ಕಳಿಗೆ ಹೇಗೋ ಗೊತ್ತಾಗಿಬಿಡುತ್ತದೆ.

ಆಮೇಲೆ ಎರಡು ವಚನ ಮಾತ್ರ. ಒಂದು ಕೊಲೊಸ್ಸೆಯವರಿಗೆ 2:14, ನಮ್ಮ ವಿರುದ್ಧ ಇದ್ದ ಪತ್ರವನ್ನು ಶಿಲುಬೆಗೆ ಜಡಿದ ವಿಷಯ. ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದಕ್ಕೆ ಕೈಯಲ್ಲಿ ಬರೆದುಕೊಟ್ಟ ಸಾಲದ ಪತ್ರ ಅಂತಲೇ ಅರ್ಥ, ನಮ್ಮ ಉದ್ರಿ ಪುಸ್ತಕದ ಹಾಳೆ ಇದ್ದಂತೆ. ಇನ್ನೊಂದು ಯೋಹಾನ 19:30. ಯೇಸು ಕೊನೆಗೆ ಹೇಳಿದ್ದು ನಮ್ಮ ಕನ್ನಡ ಬೈಬಲಿನಲ್ಲಿ ಒಂದೇ ಪದ, "ತೀರಿತು". ಕೆಲಸ ತೀರಿತು ಅನ್ನುತ್ತೇವೆ, ಸಾಲ ತೀರಿತು ಅಂತಲೂ ಅನ್ನುತ್ತೇವೆ. ಇದು ಹೊಳೆದ ದಿನದಿಂದ ಪುಸ್ತಕದಲ್ಲಿ 'ಚುಕ್ತಾ' ಅಂತ ಬರೆಯುವುದನ್ನು ಬಿಟ್ಟು 'ತೀರಿತು' ಅಂತ ಬರೆಯುತ್ತಿದ್ದೇನೆ. ನೋಟು ಹಾಕಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, ಇಡೀ ಪಾಠದ ಕೀಲಿ ಅದೇ. ಅದನ್ನು ಇಲ್ಲಿ ಹೇಳಲ್ಲ. ಯಾವ ಪುಟ ಮೊದಲು ತೆರೆಯಬೇಕು ಅನ್ನುವುದನ್ನೂ ಹೇಳಲ್ಲ. ಬೇಕಾದವರು ಬಂದು ಕೂತು ನೋಡಿ, ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ.

ನಡುವೆ ದ್ರಾಕ್ಷಿತೋಟದ ಕೂಲಿಯವರ ಸಾಮ್ಯವನ್ನೂ, ಅಂದರೆ ಬೆಳಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುವ ಯೇಸುವಿನ ಕಥೆಯನ್ನೂ, ಆಡಿಸಿ ನೋಡಿದೆ. ರಜೆಯಲ್ಲಿ ದೊಡ್ಡ ಹುಡುಗರಿಗೆ ಸಭೆಯ ಹಾಲಿನಲ್ಲಿ ಮಂಡಕ್ಕಿ ಪೊಟ್ಟಣ ಕಟ್ಟುವ ಕೆಲಸ ಕೊಟ್ಟು, ಒಂಬತ್ತಕ್ಕೆ ಬಂದವನಿಗೂ ಹನ್ನೊಂದೂವರೆಗೆ ಬಂದವನಿಗೂ ಐವತ್ತೇ ರೂಪಾಯಿ ಕೊಟ್ಟೆ. ಒಂಬತ್ತರವನು ನೋಟು ಮೇಜಿನ ಮೇಲೆ ಎಸೆದು ಹೋದ. ಇಬ್ಬರು ತಾಯಂದಿರು ಫೋನ್ ಮಾಡಿ ಬೈದರು. ಸಾಮ್ಯದಲ್ಲಿ ಇರುವುದೂ ಅದೇ ಗೊಣಗಾಟ ಅಂತ ವಿವರಿಸಲು ಹೋದೆ, ಆ ಕಡೆ ಫೋನ್ ಇಟ್ಟುಬಿಟ್ಟರು. ಇದನ್ನು ಮಾಡುವುದಿದ್ದರೆ ತಂದೆತಾಯಿಗೆ ಮೊದಲೇ ತಿಳಿಸಿ.

ಎಲ್ಲರೂ ಕೇಳುವುದು ಒಂದೇ: "ಹೀಗೆ ಬಿಟ್ಟುಕೊಟ್ಟರೆ ಜನ ಮೇಲೆ ಹತ್ತಲ್ವಾ?" ಹತ್ತುತ್ತಾರೆ. ಮನ್ನಾ ಆದ ಹನ್ನೊಂದರಲ್ಲಿ ಒಬ್ಬ ಮುಂದಿನ ವಾರವೇ ಬಂದು ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಬರೆಸಿಕೊಂಡು ಹೋದವನು ಆರು ತಿಂಗಳು ಕಾಣಲಿಲ್ಲ. ಪೌಲನಿಗೂ ಇದೇ ಪ್ರಶ್ನೆ ಬಂದಿತ್ತು, ರೋಮಾಪುರದವರಿಗೆ 6ನೇ ಅಧ್ಯಾಯ ಶುರುವಾಗುವುದೇ ಅಲ್ಲಿಂದ. ನಾನು ಆ ಮನುಷ್ಯನಿಗೆ ಹೊಸ ಉದ್ರಿ ನಿಲ್ಲಿಸಿದೆ. ಹಳೆಯದನ್ನು ಮತ್ತೆ ಎತ್ತಿ ಬರೆಯಲಿಲ್ಲ. ಕೈ ತುರಿಸಿದ್ದು ನಿಜ.

ಗಲ್ಲಿ ಸುತ್ತಿಕೊಂಡು ಹೋಗುತ್ತಿದ್ದವರ ಕಥೆ ಬಾಕಿ ಇದೆ. ಎರಡು ವರ್ಷದ ಮೇಲೆ, ಈ ಮಳೆಗಾಲದಲ್ಲಿ ಒಂದು ಸಂಜೆ, ಬೇರೆ ಅಂಗಡಿ ಮುಚ್ಚಿತ್ತೇನೋ, ಬಂದು ನಿಂತರು. ಅರ್ಧ ಕೆಜಿ ಸಕ್ಕರೆ, ನಗದು ಕೊಟ್ಟರು. ಕೊಟ್ಟು ಹೋಗಲಿಲ್ಲ. ಛತ್ರಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಆ ಪುಸ್ತಕದಾಗ ನನ್ನ ಹಾಳಿ ಇನ್ನೂ ಐತೇನ್ರಿ?"

ತೆಗೆದು ತೋರಿಸಿದೆ. ಕೆಂಪು ಗೆರೆ, ಪಕ್ಕದಲ್ಲಿ ತಾರೀಖು. ಬೆರಳಿಗೆ ಎಂಜಲು ಹಚ್ಚಿ ಮುಂದಿನ ಪುಟ ತಿರುವಿದರು. ಹಿಂದಿನ ಬಾಕಿ ಅಂತ ಮೇಲೆ ಎಲ್ಲಾದರೂ ಎತ್ತಿ ಬರೆದಿದ್ದೇನಾ ಅಂತ ನೋಡುತ್ತಿದ್ದರು. ಅದರ ಮುಂದಿನದನ್ನೂ ತಿರುವಿದರು.

"ಮುಂದಕ್ಕ ತಂದಿಲ್ಲಲ್ರಿ?"

"ಇಲ್ಲ."

ಇನ್ನೊಮ್ಮೆ ಛತ್ರಿ ನೋಡಿಕೊಂಡರು.

"ಹಂಗಾರ ಒಂದು ಕೆಜಿ ಬೆಲ್ಲ ಕೊಡ್ರಿ. ಬರ್ಕೊಳ್ರಿ."