ರೈಫಲ್ ಜೊತೆ ವಿದೇಶಕ್ಕೆ ಹೊರಟಿದ್ದೀರಾ? ಟಿಕೆಟ್‌ಗಿಂತ ಮೊದಲು ಕಾಗದ ನೋಡಿ

ಬೆಂಗಳೂರಿನ ಶೂಟರ್ ಒಬ್ಬರು ಸ್ಪರ್ಧೆಗೆಂದು ಮ್ಯೂನಿಕ್‌ಗೆ ಹೊರಟಿದ್ದಾರೆ ಎಂದುಕೊಳ್ಳಿ. ಆ ಊರಿನ ಅಂಚಿನಲ್ಲಿರುವ ಶೂಟಿಂಗ್ ರೇಂಜ್ 1972ರ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದು. ವಿಶ್ವಕಪ್‌ಗಳು ಇಂದಿಗೂ ಅಲ್ಲೇ ನಡೆಯುತ್ತವೆ. ಶೂಟರ್‌ಗೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಇದ್ದರೆ ಸಾಕು. ಅವರ ರೈಫಲ್‌ಗೆ ಅಷ್ಟು ಸಾಲದು. ಅದರ ಲೆಕ್ಕವನ್ನು ನಾಲ್ಕು ಕಡೆ ಕೊಡಬೇಕು: ವಿಮಾನ ಕಂಪನಿಯ ಕೌಂಟರ್‌ನಲ್ಲಿ, ಭಾರತ ಬಿಡುವಾಗ, ಜರ್ಮನಿಯಲ್ಲಿ ಇಳಿದಾಗ, ತಿರುಗಿ ಊರಿಗೆ ಬಂದಾಗ. ನಡುವೆ ವಿಮಾನ ಬದಲಿಸಿದರೆ ಐದು ಕಡೆ.

ಒಂದು ಕಡೆ ಸಿಕ್ಕ ಒಪ್ಪಿಗೆ ಇನ್ನೊಂದು ಕಡೆ ನಡೆಯುವುದಿಲ್ಲ. ಎಲ್ಲ ಕಡೆಯೂ ಅಧಿಕಾರಿ ನೋಡುವುದು ಮುಖ್ಯವಾಗಿ ಒಂದೇ ವಿಷಯ. ಬಂದೂಕಿನ ಮೇಲೆ ಕೆತ್ತಿರುವ ನಂಬರ್ ಮತ್ತು ಕಾಗದದಲ್ಲಿರುವ ನಂಬರ್ ಒಂದೇನಾ?

ರಾಷ್ಟ್ರೀಯ ತಂಡದ ಜೊತೆ ಹೋಗುವವರ ಕಾಗದಪತ್ರವನ್ನು ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. ಸ್ವಂತ ಖರ್ಚಿನಲ್ಲಿ ಸ್ಪರ್ಧೆಗೋ ತರಬೇತಿಗೋ ಹೋಗುವವರು ತಾವೇ ಓಡಾಡಬೇಕು. ಜೂನಿಯರ್ ಶೂಟರ್‌ಗಳ ವಿಷಯದಲ್ಲಿ ಆ ಓಡಾಟ ಅಪ್ಪ ಅಮ್ಮನ ಪಾಲಿಗೆ ಬರುತ್ತದೆ. ಮಕ್ಕಳ ವರ್ಷಗಟ್ಟಲೆ ಅಭ್ಯಾಸ ಒಂದು ತಪ್ಪು ಅಂಕಿಯಿಂದ ವಿಮಾನ ನಿಲ್ದಾಣದಲ್ಲೇ ನಿಂತುಹೋಗಬಾರದು. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಮೊದಲು ಲೈಸೆನ್ಸ್ ತೆಗೆದು ಓದಿ

1959ರ ಆಯುಧ ಕಾಯ್ದೆಯ 10ನೇ ಕಲಂ ಪ್ರಕಾರ, ಬಂದೂಕನ್ನು ದೇಶದ ಒಳಗೆ ತರಲು ಅಥವಾ ಹೊರಗೆ ಒಯ್ಯಲು ಪ್ರತ್ಯೇಕ ಲೈಸೆನ್ಸ್ ಬೇಕು. ಆದರೆ ಒಂದು ವಿನಾಯಿತಿ ಇದೆ. ಕಾನೂನುಬದ್ಧವಾಗಿ ಬಂದೂಕು ಇಟ್ಟುಕೊಂಡವರು ಸ್ವಂತ ಬಳಕೆಗೆ ತಕ್ಕಷ್ಟು ಪ್ರಮಾಣದಲ್ಲಿ ಒಯ್ಯಬಹುದು, ತರಬಹುದು. 'ತಕ್ಕಷ್ಟು' ಎಂದರೆ ಎಷ್ಟು ಎಂದು ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಬಂದರೆ, ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಬಂದೂಕನ್ನು ತಡೆಹಿಡಿಯುವ ಅಧಿಕಾರ ಅದೇ ಕಲಂನಲ್ಲಿದೆ. ಸ್ಪರ್ಧೆ ಮುಗಿದ ಮೇಲೆ ಆದೇಶ ಬಂದರೆ ಏನು ಪ್ರಯೋಜನ? ಹಾಗಾಗಿ ಅನುಮಾನಕ್ಕೆ ಜಾಗವೇ ಇರದಂತೆ ಕಾಗದ ಜೋಡಿಸಿಕೊಳ್ಳಬೇಕು.

ಲೈಸೆನ್ಸ್‌ನ ಅವಧಿ ನೋಡಿ. 2019ರ ತಿದ್ದುಪಡಿಯ ನಂತರ ಅದು 5 ವರ್ಷ. ನೀವು ವಾಪಸ್ ಬರುವ ದಿನಕ್ಕೂ ಅದು ಚಾಲ್ತಿಯಲ್ಲಿರಬೇಕು. ದೆಹಲಿ, ಮುಂಬೈ ಮೂಲಕ ಹೋಗುವುದಾದರೆ ಲೈಸೆನ್ಸ್ ಯಾವ ಪ್ರದೇಶದವರೆಗೆ ನಡೆಯುತ್ತದೆ ಎಂಬುದನ್ನೂ ನೋಡಿ.

ಆಮೇಲೆ ನಂಬರ್. ಬಂದೂಕಿನ ಮೇಲಿರುವ ಸೀರಿಯಲ್ ನಂಬರಿನ ಫೋಟೊ ತೆಗೆಯಿರಿ. ಪಕ್ಕದಲ್ಲಿ ಲೈಸೆನ್ಸ್ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಸೊನ್ನೆಯ ಜಾಗದಲ್ಲಿ 'ಓ', ಒಂದರ ಜಾಗದಲ್ಲಿ 'ಐ' ಬಿದ್ದಿರಬಹುದು. ನಂಬರಿನ ಆರಂಭದಲ್ಲಿರುವ ಅಕ್ಷರಗಳನ್ನು ಬಿಟ್ಟು ಬರೀ ಅಂಕಿ ಬರೆದಿರಬಹುದು. ಮನೆಯಲ್ಲಿ ಇದು ಸಣ್ಣ ವಿಷಯ. ಗಡಿಯಲ್ಲಿ ಅದು 'ಬೇರೆ ಬಂದೂಕು' ಆಗಿಬಿಡುತ್ತದೆ. ತಪ್ಪಿದ್ದರೆ ಲೈಸೆನ್ಸ್ ಕೊಟ್ಟವರ ಹತ್ತಿರ, ಅಂದರೆ ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಜಿಲ್ಲೆಗಳಲ್ಲಿ ಡಿಸಿ ಕಚೇರಿಯಲ್ಲಿ ತಿದ್ದಿಸಿ. ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ. ಎರಡು ಮೂರು ತಿಂಗಳು ಮೊದಲೇ ಹೋಗಿ.

ಮೂರನೆಯದು ಹೆಸರು. ನಮ್ಮಲ್ಲಿ 21 ವರ್ಷ ತುಂಬದವರಿಗೆ ಸ್ವಂತ ಲೈಸೆನ್ಸ್ ಸಿಗುವುದಿಲ್ಲ. ಬಂದೂಕು ಅಪ್ಪನ ಹೆಸರಲ್ಲಿ, ಒಯ್ಯುವುದು ಮಗಳು ಎಂದಾದರೆ, ಯಾರು ಯಾವ ಆಧಾರದಲ್ಲಿ ಒಯ್ಯಬಹುದು ಎಂದು ಅದೇ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆ ಕೌಂಟರ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೊಡಗಿನವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮೀನಿನ ಹಕ್ಕುಳ್ಳವರಿಗೂ) ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ. ಅದು ಭಾರತದ ಕಾನೂನಿನೊಳಗಿನ ಹಕ್ಕು. ಮ್ಯೂನಿಕ್‌ನ ಅಧಿಕಾರಿ ಕೇಳುವುದು ಲೈಸೆನ್ಸ್ ಅನ್ನು. ವಿನಾಯಿತಿ ಪತ್ರ ಮಾತ್ರ ಇರುವವರು ಹೊರಡುವ ಯೋಚನೆ ಬಂದ ಕೂಡಲೇ ಮಡಿಕೇರಿಯ ಡಿಸಿ ಕಚೇರಿಗೂ ಆ ದೇಶದ ರಾಯಭಾರ ಕಚೇರಿಗೂ ಬರೆದು ಕೇಳುವುದು ಒಳ್ಳೆಯದು.

ಹೋಗುವ ದೇಶದ ಒಪ್ಪಿಗೆ

ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುವುದು ಇದು. ಜರ್ಮನಿಯ ಆಯುಧ ಕಾನೂನಿನಲ್ಲಿ ಬಂದೂಕನ್ನು ದೇಶದೊಳಗೆ ತರುವುದಕ್ಕೂ, ದೇಶದ ಮೂಲಕ ಸಾಗಿಸುವುದಕ್ಕೂ ಮೊದಲೇ ಅನುಮತಿ ಪಡೆಯಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸಂಘಟಕರು ಇದಕ್ಕೆಂದೇ ಒಂದು ಫಾರಂ ಕಳಿಸುತ್ತಾರೆ. ಬಂದೂಕಿನ ತಯಾರಕರು, ಮಾದರಿ, ಕ್ಯಾಲಿಬರ್, ಸೀರಿಯಲ್ ನಂಬರ್, ತೋಟಾಗಳ ಸಂಖ್ಯೆ ತುಂಬಿ ಗಡುವಿನೊಳಗೆ ವಾಪಸ್ ಕಳಿಸಬೇಕು. ಕೊನೆಯ ವಾರದಲ್ಲಿ ಬಂದೂಕು ಬದಲಿಸಿದರೆ ಆ ಫಾರಂ ಇದ್ದೂ ಇಲ್ಲದಂತೆ. ಯಾವುದನ್ನು ಒಯ್ಯುತ್ತೀರಿ ಎಂದು ಮೊದಲೇ ನಿರ್ಧರಿಸಿ, ಅದಕ್ಕೇ ಅಂಟಿಕೊಳ್ಳಿ.

ಯುರೋಪಿಗೆ ಹೋಗುವವರು ಒಂದು ವಿಷಯದಲ್ಲಿ ಸುಲಭವಾಗಿ ಎಡವುತ್ತಾರೆ. ಷೆಂಗನ್ ವೀಸಾ ಒಂದಿದ್ದರೆ ಹಲವು ದೇಶ ಸುತ್ತಬಹುದು, ಅಲ್ವಾ? ಬಂದೂಕಿಗೆ ಹಾಗಿಲ್ಲ. ಮ್ಯೂನಿಕ್‌ನಿಂದ ಚೆಕ್ ದೇಶದ ಪಿಲ್ಸೆನ್‌ಗೆ ಕೆಲವೇ ಗಂಟೆಗಳ ದಾರಿ. ಅಲ್ಲೂ ಹೆಸರಾದ ಶೂಟಿಂಗ್ ಸ್ಪರ್ಧೆಗಳು ನಡೆಯುತ್ತವೆ. ರಸ್ತೆಯ ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಆದರೂ ಗಡಿ ದಾಟಿದ ಕ್ಷಣದಿಂದ ಚೆಕ್ ಅನುಮತಿ ಬೇಕು. ಯುರೋಪಿಯನ್ ಫೈರ್‌ಆರ್ಮ್ಸ್ ಪಾಸ್ ಎಂಬ ಕಾಗದದ ಹೆಸರು ಕೇಳಿರುತ್ತೀರಿ. ಅದು ಐರೋಪ್ಯ ಒಕ್ಕೂಟದ ದೇಶಗಳಲ್ಲಿ ವಾಸಿಸುವವರಿಗೆ ಮಾತ್ರ.

ಬ್ರಿಟನ್‌ನಲ್ಲಿ ಕ್ರಮ ಬೇರೆ. ಅಲ್ಲಿ ವಾಸಿಸುವ ಒಬ್ಬರು ನಿಮ್ಮ ಪರವಾಗಿ ಪೊಲೀಸರಿಗೆ ಅರ್ಜಿ ಹಾಕಿ ಭೇಟಿದಾರರ ಪರ್ಮಿಟ್ ಪಡೆಯಬೇಕು. 1997ರ ನಂತರ ಅಲ್ಲಿ ಪಿಸ್ತೂಲುಗಳ ಮೇಲೆ ಬಹುಪಾಲು ನಿಷೇಧ ಇರುವುದರಿಂದ ಪಿಸ್ತೂಲ್ ಶೂಟರ್‌ಗಳ ದಾರಿ ಇನ್ನೂ ಕಷ್ಟ. ಅಮೆರಿಕಕ್ಕೆ ಪ್ರವಾಸಿಯಾಗಿ ಹೋಗುವವರು ಅಲ್ಲಿ ಬಂದೂಕುಗಳ ವಿಷಯ ನೋಡಿಕೊಳ್ಳುವ ಎಟಿಎಫ್ ಎಂಬ ಇಲಾಖೆಯ '6ಎನ್ಐಎ' ಫಾರಂ ಮಂಜೂರು ಮಾಡಿಸಿಕೊಳ್ಳಬೇಕು. ಸ್ಪರ್ಧೆಯ ಆಹ್ವಾನ ಪತ್ರ ಅಥವಾ ಅಲ್ಲಿನ ಬೇಟೆ ಲೈಸೆನ್ಸ್ ಜೊತೆಗಿರಬೇಕು.

ಏರ್‌ಗನ್ ಇದ್ದರೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಭಾರತದಲ್ಲಿ 0.177 ಇಂಚು ಬೋರ್ (ನಳಿಕೆಯ ಒಳವ್ಯಾಸ), 20 ಜೂಲ್ ಶಕ್ತಿಯೊಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ, ನಿಜ. ಜರ್ಮನಿಯಲ್ಲಿ ಆ ಮಿತಿ 7.5 ಜೂಲ್. ಜೊತೆಗೆ ಪಂಚಕೋನದೊಳಗೆ 'ಎಫ್' ಅಕ್ಷರದ ಗುರುತು ಇರಬೇಕು. ಸ್ಕಾಟ್ಲೆಂಡ್‌ನಲ್ಲಿ 2016ರ ಕೊನೆಯಿಂದ ಏರ್‌ಗನ್‌ಗೂ ಲೈಸೆನ್ಸ್ ಬೇಕು. ಪಕ್ಕದ ಇಂಗ್ಲೆಂಡ್‌ನಲ್ಲಿ ಸಾಮಾನ್ಯ ಶಕ್ತಿಯವಕ್ಕೆ ಬೇಡ. ಹಾಗಾಗಿ ಏರ್‌ಗನ್ ಅನ್ನೂ ಸಂಘಟಕರ ಪಟ್ಟಿಯಲ್ಲಿ ಬರೆಸಿ.

ವಿಮಾನ ಆರಿಸುವಾಗ

ಬಂದೂಕು ಜೊತೆಗಿದ್ದರೆ ನೇರ ವಿಮಾನವೇ ಒಳ್ಳೆಯದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನಗಳಿವೆ. ಕೊಲ್ಲಿ ದೇಶಗಳ ಮೂಲಕ ಟಿಕೆಟ್ ಅಗ್ಗ ಸಿಗಬಹುದು. ಆದರೆ ಅಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಬಂದೂಕಿಗೆ ಮುಂಚಿತ ಒಪ್ಪಿಗೆ ಬೇಕಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಕಂಪನಿಗೆ ಬರೆದು, ಅವರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದು, ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ನಡುದಾರಿಯಲ್ಲಿ ವಿಮಾನ ತಪ್ಪಿದರೆ? 2005ರಲ್ಲಿ ಅಮೆರಿಕದ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟ ಒಬ್ಬರಿಗೆ ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್‌ನಲ್ಲಿ ಹಾಗೇ ಆಯಿತು. ಬಂದೂಕಿದ್ದ ಸಾಮಾನು ಪಡೆದು ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಬೆಳಗ್ಗೆ ಚೆಕ್‌ಇನ್ ಕೌಂಟರ್‌ನಲ್ಲಿ ಬಂದೂಕಿದೆ ಎಂದು ತಾವೇ ಪ್ರಾಮಾಣಿಕವಾಗಿ ಹೇಳಿದರು. ಆ ರಾಜ್ಯದ ಪರ್ಮಿಟ್ ಇಲ್ಲದೆ ಬಂದೂಕು ಇಟ್ಟುಕೊಂಡಿದ್ದಕ್ಕೆ ಅಲ್ಲೇ ಬಂಧನವಾಯಿತು. ಆರೋಪ ಆಮೇಲೆ ಕೈಬಿಟ್ಟರೂ, ಪರಿಹಾರ ಕೇಳಿ ಅವರು ಹೂಡಿದ ದಾವೆ 2010ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ವಿಮಾನ ತಪ್ಪಿದರೆ ಬಂದೂಕಿನ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳಬೇಡಿ. ಅದನ್ನು ತಮ್ಮ ವಶದಲ್ಲೇ ಇಟ್ಟುಕೊಳ್ಳುವಂತೆ ವಿಮಾನ ಕಂಪನಿಯವರನ್ನು ಕೇಳಿ.

ತೋಟಾ ಎಷ್ಟು?

ವಿಮಾನಯಾನದ ಅಂತರರಾಷ್ಟ್ರೀಯ ನಿಯಮದಲ್ಲಿ ಒಬ್ಬ ಪ್ರಯಾಣಿಕರಿಗೆ ಪ್ಯಾಕಿಂಗ್ ಸೇರಿ 5 ಕಿಲೊ ತೋಟಾ ಮಿತಿ. ಇಬ್ಬರ ಪಾಲು ಸೇರಿಸಿ 10 ಕಿಲೊ ಒಂದೇ ಪೆಟ್ಟಿಗೆಗೆ ಹಾಕುವಂತಿಲ್ಲ. ಪಾಯಿಂಟ್ 22 ರೈಫಲ್‌ನವರಿಗೆ ಇದು ಧಾರಾಳ. ಹಾರುವ ಗುರಿಗಳಿಗೆ ಶಾಟ್‌ಗನ್‌ನಿಂದ ಹೊಡೆಯುವ ಟ್ರ್ಯಾಪ್, ಸ್ಕೀಟ್ ಶೂಟರ್‌ಗಳಿಗೆ ಸಾಲದು. 12 ಬೋರ್‌ನ ಒಂದು ತೋಟಾ ಸುಮಾರು 35 ಗ್ರಾಂ ತೂಗುತ್ತದೆ. 5 ಕಿಲೊಗೆ 140ರ ಆಸುಪಾಸು. ಟ್ರ್ಯಾಪ್‌ನ ಅರ್ಹತಾ ಸುತ್ತಿನಲ್ಲೇ 125 ಗುರಿಗಳಿರುತ್ತವೆ, ಒಂದೊಂದಕ್ಕೂ ಎರಡು ಗುಂಡು ಹಾರಿಸುವ ಅವಕಾಶ. ಅಭ್ಯಾಸದ ಲೆಕ್ಕ ಬೇರೆ. ಆದ್ದರಿಂದ ಶಾಟ್‌ಗನ್ ಶೂಟರ್‌ಗಳು ಸಂಘಟಕರ ಮೂಲಕ ಅಲ್ಲೇ ಕೊಳ್ಳುವುದು ಸರಿ.

ತೋಟಾಗಳನ್ನು ಕಂಪನಿಯ ಡಬ್ಬಿಯಲ್ಲೇ, ಬಂದೂಕಿನಿಂದ ಬೇರೆಯಾಗಿ ಇಡಿ. ಬಂದೂಕಿಗೆ ಬೀಗ ಹಾಕುವ ಗಟ್ಟಿ ಪೆಟ್ಟಿಗೆ ಬೇಕು. ಬೋಲ್ಟ್ ತೆಗೆದಿರಲಿ, ಚೇಂಬರ್ ಖಾಲಿ ಎಂದು ತೋರಿಸುವ ಫ್ಲ್ಯಾಗ್ ಹಾಕಿರಲಿ. ಏರ್‌ಗನ್ ಸಿಲಿಂಡರ್‌ನ ಗಾಳಿ ಪೂರ್ತಿ ಬಿಟ್ಟು, ಬಂದೂಕಿನಿಂದ ಬಿಚ್ಚಿಡಿ. ಬೆಂಕಿ ಹತ್ತುವ ಕ್ಲೀನಿಂಗ್ ದ್ರಾವಣಗಳನ್ನು ಮನೆಯಲ್ಲೇ ಬಿಡಿ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಇದ್ದರೆ ಅವು ಕೈಚೀಲಕ್ಕೆ ಹೋಗಬೇಕು.

ಆ ಕೈಚೀಲವನ್ನು, ಜಾಕೆಟ್ ಜೇಬನ್ನು, ರೇಂಜ್‌ಗೆ ಒಯ್ಯುವ ಹಳೆ ಬ್ಯಾಗಿನ ಮೂಲೆಗಳನ್ನು ಮಗುಚಿ ಕೊಡವಿ ನೋಡಿ. ಮರೆತು ಉಳಿದ ಒಂದೇ ಒಂದು ತೋಟಾ ಕೂಡ ಕಾನೂನಿನ ಕಣ್ಣಿಗೆ ಮದ್ದುಗುಂಡೇ. 2024ರಲ್ಲಿ ಕೆರಿಬಿಯನ್‌ನ ಟರ್ಕ್ಸ್ ಆ್ಯಂಡ್ ಕೈಕೋಸ್ ದ್ವೀಪಗಳಲ್ಲಿ ಹಲವು ಅಮೆರಿಕನ್ ಪ್ರವಾಸಿಗಳು ಹೀಗೆ ಬ್ಯಾಗಿನಲ್ಲಿ ಉಳಿದ ಬಿಡಿ ಗುಂಡುಗಳಿಗಾಗಿ ಬಂಧನಕ್ಕೊಳಗಾದರು. ಅಲ್ಲಿನ ಕಾನೂನಿನಲ್ಲಿ ಆಗ ಕನಿಷ್ಠ ಶಿಕ್ಷೆ 12 ವರ್ಷ ಇತ್ತು. ಬೇಟೆಗೋ ರೇಂಜ್‌ಗೋ ಬಳಸಿದ ಬ್ಯಾಗನ್ನು ವಿಮಾನಕ್ಕೆ ಒಯ್ಯಲೇಬೇಡಿ ಎಂಬುದು ನನ್ನ ಸಲಹೆ.

ಹೊರಡುವ ದಿನ

ನಾಲ್ಕು ಗಂಟೆ ಮೊದಲೇ ನಿಲ್ದಾಣದಲ್ಲಿರಿ. ಚೆಕ್‌ಇನ್‌ನಲ್ಲಿ ಮೊದಲ ಮಾತೇ ಬಂದೂಕಿನದಾಗಿರಲಿ. ಪೆಟ್ಟಿಗೆ ಒಳಗೆ ಹೋಗುವ ಮೊದಲು ಕಸ್ಟಮ್ಸ್ ಅಧಿಕಾರಿಗೆ ಬಂದೂಕು ತೋರಿಸಿ 'ಎಕ್ಸ್‌ಪೋರ್ಟ್ ಸರ್ಟಿಫಿಕೇಟ್' ಬರೆಸಿಕೊಳ್ಳಿ. ಈ ಬಂದೂಕು ಭಾರತದಿಂದಲೇ ಹೋದದ್ದು ಎಂಬುದಕ್ಕೆ ಅದು ಪುರಾವೆ. ಪೆಟ್ಟಿಗೆ ಬೆಲ್ಟ್ ಮೇಲೆ ಹೋದ ಮೇಲೆ ನೆನಪಾದರೆ ನಂಬರ್ ತೋರಿಸಲು ಬಂದೂಕೇ ಇರುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ ನಂಬರ್ ಸರಿಯಾಗಿದೆಯೇ ಎಂದು ಅಲ್ಲೇ ನಿಂತು ಓದಿ.

ಮ್ಯೂನಿಕ್‌ನಲ್ಲಿ ಇಳಿದಾಗ ಕೆಂಪು ಚಾನೆಲ್‌ಗೆ ಹೋಗಿ. ಹಸಿರು ಚಾನೆಲ್‌ನಲ್ಲಿ ನಡೆದರೆ ಘೋಷಿಸಲು ಏನೂ ಇಲ್ಲ ಎಂದು ಹೇಳಿದಂತೆ. ಅನುಮತಿ ಜೇಬಿನಲ್ಲೇ ಇದ್ದರೂ ಅದು ಅಪರಾಧವಾಗಬಹುದು. ಬಂದೂಕಿನ ಪೆಟ್ಟಿಗೆಯನ್ನು ಮಾಮೂಲಿ ಬೆಲ್ಟ್‌ಗೆ ಬಿಡದೆ ಬೇರೆ ಜಾಗದಲ್ಲಿ ಕೈಗೆ ಕೊಡುವುದುಂಟು. ಕಾಣದಿದ್ದರೆ ಗಾಬರಿ ಬೇಡ, ವಿಮಾನ ಕಂಪನಿಯವರನ್ನು ಕೇಳಿ.

ತಿರುಗಿ ಬರುವಾಗ

ಇಲ್ಲೂ ಕೆಂಪು ಚಾನೆಲ್. ಕಸ್ಟಮ್ಸ್‌ನ 'ಅತಿಥಿ' ಆ್ಯಪ್‌ನಲ್ಲಿ ಮೊದಲೇ ವಿವರ ತುಂಬಬಹುದು. ಲೈಸೆನ್ಸ್, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್, ಸ್ಪರ್ಧೆಯ ಪತ್ರ ಮೂರನ್ನೂ ಒಟ್ಟಿಗೆ ಇಡಿ. 50ಕ್ಕಿಂತ ಜಾಸ್ತಿ ತೋಟಾ ತರಬೇಡಿ, ಬ್ಯಾಗೇಜ್ ನಿಯಮದ ಮಿತಿ ಅಷ್ಟೇ. ಉಳಿದದ್ದನ್ನು ಅಲ್ಲಿನ ರೇಂಜ್‌ನಲ್ಲಿ ಕಾನೂನು ಪ್ರಕಾರ ಒಪ್ಪಿಸಿ ಬನ್ನಿ. ಸ್ಪರ್ಧೆಯ ಜಾಗದಲ್ಲಿ ಚಂದದ ಹೊಸ ರೈಫಲ್ ಕಂಡರೂ ಕೊಂಡು ಜೊತೆಗೆ ತರುವ ಯೋಚನೆ ಬೇಡ. ಅದು ಆಮದು. ಅದರ ಅನುಮತಿಯ ದಾರಿ ಪೂರ್ತಿ ಬೇರೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಬೇಟೆಗೆಂದು ಕೆನಡಾಕ್ಕೆ ಹೋಗುವುದಾದರೆ, ಹೊರಡುವ ಮೊದಲು ಅಮೆರಿಕದ ಕಸ್ಟಮ್ಸ್ ಕಚೇರಿಯಲ್ಲಿ ಬಂದೂಕು ತೋರಿಸಿ '4457' ಫಾರಂಗೆ ಮುದ್ರೆ ಹಾಕಿಸಿಕೊಳ್ಳಬೇಕು. ಕೆನಡಾ ಗಡಿಯಲ್ಲಿ ಘೋಷಣಾ ಫಾರಂ ಕೊಡಬೇಕು. ಅದಕ್ಕೆ ಅಧಿಕಾರಿಯ ಎದುರೇ ಸಹಿ ಹಾಕಬೇಕು, ಮನೆಯಲ್ಲೇ ಹಾಕಿಕೊಂಡು ಹೋಗಬಾರದು. ಭಾರತಕ್ಕೆ ಕಾಯಂ ಆಗಿ ಮರಳುವವರು ಒಂದು ಬಂದೂಕನ್ನು ಸುಂಕ ಕಟ್ಟಿ ತರಬಹುದು. ಅದನ್ನು ವಿದೇಶದಲ್ಲಿ ಕನಿಷ್ಠ ಒಂದು ವರ್ಷ ಸ್ವಂತಕ್ಕೆ ಬಳಸಿರಬೇಕು, ಇಲ್ಲಿನ ಲೈಸೆನ್ಸ್ ಇರಬೇಕು, ಜೀವಮಾನವಿಡೀ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ಅಧಿಕಾರಿ ಬಂದೂಕು ತಡೆಹಿಡಿದರೆ ಜಗಳಕ್ಕೆ ಇಳಿಯಬೇಡಿ. ತಡೆಹಿಡಿದ ಕಾರಣ, ಸೀರಿಯಲ್ ನಂಬರ್, ತೋಟಾಗಳ ಸಂಖ್ಯೆ ಬರೆದ ರಸೀದಿ ಕೇಳಿ ಪಡೆಯಿರಿ. ಅದೇ ದಿನ ನಿಮ್ಮ ಲೈಸೆನ್ಸ್ ಕಚೇರಿಗೂ ರೈಫಲ್ ಸಂಸ್ಥೆಗೂ ಅದರ ಪ್ರತಿ ಕಳಿಸಿ. ಬಂದೂಕು ಬಿಡಿಸಿಕೊಳ್ಳುವ ದಿನ ಮೊದಲು ಕೇಳುವುದು ಆ ರಸೀದಿಯನ್ನೇ.